ಹಳೆಯ ಜೀಪು ಮತ್ತು ಇದ್ದಲ ಡಬ್ಬಿ

ಕರ್ಪೂರದ ಬಿಲ್ಲೆಗಳನ್ನು ತಟ್ಟೆಯಲ್ಲಿ ತೆರೆದಿಟ್ಟು ಮರೆತರೆ ಕೆಲವು ದಿನಗಳ ತರುವಾಯ ತಟ್ಟೆಯು ಬರಿದಾಗಿರುವುದು. ಕಳ್ಳರಾರೂ ಬಂದಿಲ್ಲ, ಕರ್ಪೂರವು ಗಾಳಿಯಲ್ಲಿ ಬೆರೆತುಹೋಗಿದೆ. ಇದನ್ನು ಬಲ್ಲ ನಮ್ಮ ಮನೆಗಳ ಹಿರಿಯರು ಕರ್ಪೂರವನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ನಾಲ್ಕಾರು ಮೆಣಸಿನ ಕಾಳುಗಳೊಡನೆ ಇಡುವ ವಾಡಿಕೆಯನ್ನು ಮಾಡಿದರು. ಪೆಟ್ರೋಲಿನ ಸ್ವಭಾವವೂ ಕರ್ಪೂರದಂತಹುದೇ. ಸೀಮೆಎಣ್ಣೆ, ಡೀಸೆಲ್ ಎಣ್ಣೆಗಳು ತೆರೆದಿಟ್ಟರೂ ಬಹಳ ಕಾಲ ಉಳಿಯುವುವು; ಪೆಟ್ರೋಲು ಮಾತ್ರ ಒಂದು ಗಳಿಗೆಯೂ ಸುಮ್ಮನಿರದೆ ಆವಿಯಾಗುತ್ತಲೇ ಇರುವುದು. ಗಾಡಿ ಓಡುವಾಗ ಹೊಗೆಯ ಕೊಳವೆಯಿಂದ ಹೊರಡುವ ಹೊಗೆಯನ್ನು ಎಲ್ಲರೂ ಬಲ್ಲರು. ಆದರೆ ಎಂಜಿನ್ನು ನಿಂತು, ಚಾವಿಯು ಮನೆಯೊಳಗಿನ ಮೊಳೆಗೆ ಸೇರಿದ ಮೇಲೆಯೂ ಗಾಡಿಯು ಗಾಳಿಯನ್ನು ಕೆಡಿಸುತ್ತಿರಬಲ್ಲದೆಂಬ ಸಂಗತಿಯು ಅನೇಕರಿಗೆ ತಿಳಿಯದು.

ಈ ಕಾಣದ ಸೋರಿಕೆಯನ್ನು ತಡೆಯುವುದಕ್ಕೆಂದು ಮೋಟಾರು ಗಾಡಿಗಳಲ್ಲಿ ಒಂದು ಚಿಕ್ಕ ಏರ್ಪಾಡಿದೆ. ಅದರ ಮುಖ್ಯ ಅಂಗವೆಂದರೆ ಒಂದು ಡಬ್ಬಿ ಇದ್ದಲು. ಸದ್ದಿಲ್ಲ, ಬೆಳಕಿಲ್ಲ, ಗಾಡಿಯ ವೇಗಕ್ಕಾಗಲಿ ಬಲಕ್ಕಾಗಲಿ ಅದರಿಂದ ಏನೂ ಕೂಡುವುದಿಲ್ಲ. ಅಮೆರಿಕಾ ದೇಶದಲ್ಲಿ ಹಳೆಯ ಜೀಪುಗಳನ್ನೂ ಅವುಗಳ ಜಾತಿಯ ಇತರ ಗುಡ್ಡಗಾಡಿನ ವಾಹನಗಳನ್ನೂ ಇಟ್ಟುಕೊಂಡಿರುವ ಎಷ್ಟೋ ಮಂದಿ ಇದನ್ನು ನಿಷ್ಪ್ರಯೋಜಕವೆಂದು ಬಗೆದು ಕಿತ್ತೆಸೆದಿರುವರು. ಈ ಡಬ್ಬಿಯು ಮಾಡುವ ಕೆಲಸವೇನು, ಅದನ್ನು ಎಸೆದವರು ಕಳೆದುಕೊಳ್ಳುವುದೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಲಾಸ್ ಏಂಜಲೀಸಿನ ಕಣ್ಣುರಿ

೧೯೪೩ನೆಯ ಇಸವಿ ಜುಲೈ ತಿಂಗಳ ೨೬ನೆಯ ದಿನ ಕ್ಯಾಲಿಫೋರ್ನಿಯಾ ಪ್ರಾಂತದ ಲಾಸ್ ಏಂಜಲೀಸ್ ನಗರವನ್ನು ಕಂದು ಬಣ್ಣದ ಮಬ್ಬೊಂದು ಕವಿಯಿತು. ಜನರ ಕಣ್ಣು ಉರಿಯಿತು, ಗಂಟಲು ಕೆರೆಯಿತು. ಅದು ಎರಡನೆಯ ಮಹಾಯುದ್ಧದ ಕಾಲ. ಜಪಾನೀಯರು ವಿಷವಾಯುವನ್ನು ಬಿಟ್ಟರೋ ಎಂದು ಜನರು ಭಯಪಟ್ಟರು. ಯುದ್ಧವು ಮುಗಿದರೂ ಮಬ್ಬು ಹೋಗಲಿಲ್ಲ. ಕಾರಖಾನೆಗಳ ಹೊಗೆಯನ್ನು ಹಿಡಿತಕ್ಕೆ ತಂದುದಾಯಿತು. ಆದರೂ ಬೇಸಗೆಯ ಬಿಸಿಲು ಏರಿದಂತೆಲ್ಲ ಕಣ್ಣುರಿಯೂ ಏರುತ್ತಿದ್ದಿತು.

ಇದರ ಮರ್ಮವನ್ನು ಕಂಡುಹಿಡಿದವರು ಆರೀ ಹಾಗೆನ್-ಸ್ಮಿಟ್ ಎಂಬ ರಸಾಯನ ಪಂಡಿತರು. ಹಾಲೆಂಡಿನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಇವರು ಅನಾನಸು ಹಣ್ಣಿನ ಪರಿಮಳಕ್ಕೆ ಕಾರಣವಾದ ದ್ರವ್ಯಗಳನ್ನು ಶೋಧಿಸುತ್ತಲಿದ್ದರು. ಅದೇ ಕುಶಲತೆಯಿಂದ ನಗರದ ಗಾಳಿಯನ್ನು ಶೋಧಿಸಿದಾಗ ಹೊರಬಿದ್ದ ಸಂಗತಿ ಇದು: ಸುಡದೆ ಉಳಿದ ಪೆಟ್ರೋಲಿನ ಆವಿಯೂ, ಎಂಜಿನ್ನಿನ ಕಾವಿನಲ್ಲಿ ಹುಟ್ಟಿದ ನೈಟ್ರೋಜನ್ನಿನ ಆಕ್ಸೈಡುಗಳೂ ಸೂರ್ಯನ ಬಿಸಿಲಿನಲ್ಲಿ ಸೇರಿ ಓಜೋನ್ ಎಂಬ ತೀಕ್ಷ್ಣವಾದ ಅನಿಲವನ್ನು ಉಂಟುಮಾಡುವುವು. ೧೯೫೨ರಲ್ಲಿ ಅವರು ಇದನ್ನು ಪ್ರಕಟಿಸಿದರು. ಓಜೋನು ಎಷ್ಟಿದೆಯೆಂದು ಅಳೆಯಲು ಬಗ್ಗಿಸಿ ಕಟ್ಟಿದ ರಬ್ಬರಿನ ಪಟ್ಟಿಯೇ ಸಾಕಾಗಿತ್ತು. ಕೆಟ್ಟ ಗಾಳಿಯಲ್ಲಿ ಅದು ಬೇಗನೆ ಬಿರುಕುಬಿಡುತ್ತಿತ್ತು. ರಬ್ಬರನ್ನೇ ಸೀಳುವ ಗಾಳಿಯು ಎಳೆಯ ಮಕ್ಕಳ ಶ್ವಾಸಕೋಶಕ್ಕೆ ಏನು ಮಾಡೀತೆಂದು ಬೇರೆ ಹೇಳಬೇಕಾದುದಿಲ್ಲ.

ಗಾಡಿಯಿಂದ ಹೊರಬೀಳುವ ಸುಡದ ಪೆಟ್ರೋಲಿನಲ್ಲಿ ಸುಮಾರು ನೂರಕ್ಕೆ ೬೦ ಪಾಲು ಹೊಗೆಯ ಕೊಳವೆಯಿಂದಲೂ, ೨೦ ಪಾಲು ಎಂಜಿನ್ನಿನ ಕೆಳಗಣ ಪೆಟ್ಟಿಗೆಯಿಂದಲೂ, ಮಿಕ್ಕ ೨೦ ಪಾಲು ಪೆಟ್ರೋಲಿನ ಟಾಂಕಿ ಮತ್ತು ಕಾರ್ಬ್ಯುರೇಟರುಗಳಿಂದ ಆವಿಯಾಗಿಯೂ ಹೋಗುವುದೆಂದು ಆ ಕಾಲದಲ್ಲಿ ಲೆಕ್ಕ ಹಾಕಿದರು. ಮೊದಲ ಎರಡಕ್ಕೆ ೧೯೬೦ರ ದಶಕದಲ್ಲಿ ಕಟ್ಟುಪಾಡುಗಳು ಬಂದುವು. ಆವಿಯ ಸರದಿಯು ಕಟ್ಟಕಡೆಗೆ ಬಂದಿತು. ೧೯೭೦ರ ಮಾದರಿಯ ಗಾಡಿಗಳಿಗೆ ಕ್ಯಾಲಿಫೋರ್ನಿಯಾದಲ್ಲಿಯೂ, ೧೯೭೧ರ ಮಾದರಿಯಿಂದ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೆಲ್ಲ ಕೂಡ, ಒಂದು ಪರೀಕ್ಷೆಯಲ್ಲಿ ೬ ಗ್ರಾಮಿಗಿಂತ ಹೆಚ್ಚು ಆವಿ ಹೊರಬೀಳಕೂಡದೆಂಬ ವಿಧಿಯಾಯಿತು.

ಟಾಂಕಿಯ ಉಸಿರಾಟ

ಇದಕ್ಕೆ ಮುಂಚಿನ ಜೀಪಿನ ಟಾಂಕಿಯ ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರವಿರುತ್ತಿತ್ತು. ಅದು ಇರಲೇಬೇಕು. ಪೆಟ್ರೋಲು ಎಂಜಿನ್ನಿಗೆ ಹೋದಂತೆಲ್ಲ ಅದರ ಸ್ಥಳಕ್ಕೆ ಗಾಳಿಯು ಬಾರದಿದ್ದರೆ ಪೆಟ್ರೋಲು ಮುಂದಕ್ಕೆ ಹರಿಯದು. ಆದರೆ ಒಳಕ್ಕೆ ಗಾಳಿ ಬರುವ ದಾರಿಯೇ ಹೊರಕ್ಕೆ ಆವಿ ಹೋಗುವ ದಾರಿಯೂ ಆಯಿತು. ಹಗಲು ಬಿಸಿಲೇರಿದಾಗ ಟಾಂಕಿಯೊಳಗಿನ ಆವಿಯು ಹಿಗ್ಗಿ ಹೊರಬೀಳುವುದು. ರಾತ್ರಿ ತಂಪಾದಾಗ ಹೊಸ ಗಾಳಿಯು ಒಳಸೇರುವುದು. ಮರುದಿನ ಅದೂ ಪೆಟ್ರೋಲಿನ ಆವಿಯನ್ನು ತುಂಬಿಕೊಂಡು ಹೊರಡುವುದು. ಹೀಗೆ ಟಾಂಕಿಯು ದಿನಕ್ಕೊಂದು ಸಲ ದೀರ್ಘವಾದ ಉಸಿರನ್ನು ಬಿಡುವುದೆನ್ನಬಹುದು. ಗಾಡಿಯು ಒಂದು ಮೈಲಿ ಓಡದಿದ್ದರೂ ಈ ಉಸಿರಾಟವು ನಿಲ್ಲದು.

ಎರಡನೆಯದು, ಓಡಿ ಬಂದು ನಿಂತ ಗಾಡಿಯ ನಿಟ್ಟುಸಿರು. ಎಂಜಿನ್ನು ನಿಂತೊಡನೆ ಅದನ್ನು ತಣಿಸುವ ಗಾಳಿಯೂ ನೀರಿನ ಹರಿದಾಟವೂ ನಿಲ್ಲುವುವು. ಬಿಸಿಯು ಮೇಲಕ್ಕೇರಿ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲನ್ನು ಕಾಯಿಸುವುದು. ಒಲೆಯನ್ನು ಆರಿಸಿದ ಮೇಲೆಯೂ ಕೆಂಡದ ಮೇಲಿನ ಪಾತ್ರೆಯು ಕುದಿಯುವಂತೆ ಅದು ಕುದಿದು ಆವಿಯಾಗುವುದು. ಇದರ ಮೇಲೆ ಹಳೆಯ ರಬ್ಬರು ಕೊಳವೆಗಳ ಮೈಯಿಂದಲೂ, ಪ್ಲಾಸ್ಟಿಕ್ ಟಾಂಕಿಗಳ ಗೋಡೆಯಿಂದಲೂ ಪೆಟ್ರೋಲು ಬೆವರಿನಂತೆ ಒಸರುವುದುಂಟು. ಹೊಲಗದ್ದೆ ಮರಳುಗಾಡುಗಳಲ್ಲಿ ಓಡಿಸುವ ನಾಲ್ಕು ಚಕ್ರದ ಸಣ್ಣ ಬಂಡಿಗಳ ಮತ್ತು ಮೋಟಾರು ಸೈಕಲ್ಲುಗಳ ಟಾಂಕಿಗಳಲ್ಲಿ ಈ ಒಸರು ಹೆಚ್ಚು. ಆದುದರಿಂದ ೨೦೦೮ರ ಮಾದರಿಯಿಂದ ಅಮೆರಿಕಾದ ಸರಕಾರವು ಅಂತಹ ಬಂಡಿಗಳ ಟಾಂಕಿಯ ಪ್ರತಿ ಚದರ ಮೀಟರಿಗೆ ದಿನಕ್ಕೆ ಒಂದೂವರೆ ಗ್ರಾಮಿಗಿಂತ ಹೆಚ್ಚು ಒಸರಬಾರದೆಂದು ಗೊತ್ತುಮಾಡಿತು.

ಇದ್ದಲಿನ ಗುಣ

ಈ ಉಸಿರನ್ನು ಹಿಡಿದಿಡುವ ಬಗೆ ಹೇಗೆ? ಟಾಂಕಿಯನ್ನು ಪೂರ್ತಿ ಬಿಗಿದರೆ ಅದು ಉಬ್ಬೀತು. ಕೆಲವು ಕಂಪನಿಗಳು ಮೊದಮೊದಲು ಆವಿಯನ್ನು ಎಂಜಿನ್ನಿನ ಕೆಳಗಣ ಪೆಟ್ಟಿಗೆಯಲ್ಲಿಯೇ ಕೂಡಿಟ್ಟು ನೋಡಿದುವು. ಕೊನೆಗೆ ಎಲ್ಲರೂ ಒಪ್ಪಿಕೊಂಡುದು ಇದ್ದಲನ್ನೇ. ಇದ್ದಲು ವಾಸನೆಯನ್ನು ಹೀರುವುದೆಂಬುದು ನಮ್ಮ ಹೆಂಗಸರು ಬಲ್ಲ ಸಂಗತಿಯೇ. ವಿಶೇಷ ರೀತಿಯಿಂದ ಹದಮಾಡಿದ ಇದ್ದಲಿನ ಒಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅಸಂಖ್ಯ ಗೂಡುಗಳಿರುವುವು. ಅವುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದೇ ಗ್ರಾಂ ಇದ್ದಲಿನಿಂದ ಸಾವಿರ ಚದರ ಮೀಟರು, ಅಂದರೆ ಸುಮಾರು ಹತ್ತು ಗುಂಟೆ ನೆಲವಾಗುವುದು! ನಾಲ್ಕು ಗ್ರಾಮಿನೊಳಗೆ ಒಂದು ಎಕರೆ ಅಡಗಿದೆಯೆಂದಾಯಿತು. ಆವಿಯ ಕಣಗಳು ಈ ವಿಶಾಲವಾದ ಗೋಡೆಗಳಿಗೆ ಬಂದು ಅಂಟಿಕೊಳ್ಳುವುವು.

ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ವಿಷವಾಯುವಿನಿಂದ ಉಳಿಸಿದ ಮುಖವಾಡಗಳೊಳಗೆ ಇದ್ದುದೂ ಇದ್ದಲೇ. ೧೯೧೮ರಲ್ಲಿ ಅಮೆರಿಕಾದ ಮನೆಮನೆಗಳಿಂದ ಪೀಚ್ ಹಣ್ಣಿನ ಗೊರಟೆಗಳನ್ನು ಅದಕ್ಕಾಗಿ ಕೂಡಿಹಾಕಿದರು; ತೆಂಗಿನ ಚಿಪ್ಪಿನ ಇದ್ದಲು ಎಲ್ಲಕ್ಕಿಂತ ಮೇಲೆನಿಸಿತ್ತು. ಆದರೆ ಮುಖವಾಡದ ಇದ್ದಲಿಗೂ ಗಾಡಿಯ ಇದ್ದಲಿಗೂ ಒಂದು ಭೇದವುಂಟು. ಮುಖವಾಡದ್ದು ಹಿಡಿದುದನ್ನು ಬಿಡಬಾರದು. ಗಾಡಿಯದು ಹಿಡಿಯಲೂ ಬೇಕು, ಸಮಯ ಬಂದಾಗ ಬಿಡಲೂ ಬೇಕು. ಆದುದರಿಂದಲೇ ಅತಿ ಕಿರಿಯ ಗೂಡುಗಳುಳ್ಳ ಚಿಪ್ಪಿನ ಇದ್ದಲಿಗಿಂತ, ತುಸು ದೊಡ್ಡ ಗೂಡುಗಳುಳ್ಳ ಮರದ ಇದ್ದಲು ಇಲ್ಲಿ ಮೇಲು. ಮೀನಿನ ತೊಟ್ಟಿಗೆ ಹಾಕುವ ಇದ್ದಲನ್ನು ಪೇಟೆಯಿಂದ ತಂದು ಹಳೆಯ ಡಬ್ಬಿಗೆ ತುಂಬಿ ದುಡ್ಡುಳಿಸಿದೆನೆಂದು ಹಿಗ್ಗುವವರು ಈ ಭೇದವನ್ನು ಅರಿಯರು.

ಏರ್ಪಾಡಿನ ಕ್ರಮ ಹೀಗಿದೆ. ಟಾಂಕಿಯ ಮುಚ್ಚಳದಲ್ಲಿ ಈಗ ಬರಿಯ ರಂಧ್ರವಿಲ್ಲ. ಒಳಕ್ಕೆ ಗಾಳಿಯನ್ನು ಬಿಡುವ ಕವಾಟವಿದೆ. ಆವಿಯು ಒಂದು ಕೊಳವೆಯ ದಾರಿಯಿಂದ ಹೊರಟು, ದ್ರವವನ್ನು ಬೇರ್ಪಡಿಸಿ ಟಾಂಕಿಗೆ ಹಿಂದಿರುಗಿಸುವ ಒಂದು ಚಿಕ್ಕ ಪಾತ್ರೆಯನ್ನು ಹಾಯ್ದು ಇದ್ದಲ ಡಬ್ಬಿಯನ್ನು ಸೇರುವುದು. ಕಾರ್ಬ್ಯುರೇಟರಿನ ಬಟ್ಟಲಿನ ಆವಿಗೂ ಅಲ್ಲಿಗೇ ದಾರಿ. ಎಂಜಿನ್ನು ಓಡತೊಡಗಿ ಬೆಚ್ಚಗಾದ ಮೇಲೆ ಇನ್ನೊಂದು ಕವಾಟವು ತೆರೆಯುವುದು. ಎಂಜಿನ್ನಿನ ಸೆಳೆತಕ್ಕೆ ಡಬ್ಬಿಯ ತಳದಿಂದ ಶುದ್ಧವಾದ ಗಾಳಿಯು ಒಳನುಗ್ಗಿ, ಇದ್ದಲಿಗೆ ಅಂಟಿದ ಆವಿಯನ್ನು ಬಿಡಿಸಿಕೊಂಡು ಎಂಜಿನ್ನಿನೊಳಕ್ಕೆ ಒಯ್ಯುವುದು. ನಿನ್ನೆಯ ಬಿಸಿಲಿನಲ್ಲಿ ಹಾರಿಹೋಗಬೇಕಾಗಿದ್ದ ಪೆಟ್ರೋಲು ಇಂದು ಗಾಡಿಯನ್ನು ಎಳೆಯುವುದು. ಇದ್ದಲು ಬರಿದಾಗಿ ಮರುದಿನದ ಆವಿಗೆ ಸಿದ್ಧವಾಗಿ ಕಾದಿರುವುದು.

ಗುಡ್ಡಗಾಡಿನ ಕಷ್ಟಗಳು

ಸಮನಾದ ಊರ ರಸ್ತೆಯಲ್ಲಿ ಈ ಏರ್ಪಾಡು ಹಲವು ವರ್ಷಗಳ ಕಾಲ ತಕರಾರಿಲ್ಲದೆ ನಡೆಯುವುದು. ಜೀಪಿನ ಬಾಳಾದರೋ ಬೇರೆ. ಕಡಿದಾದ ದಿಣ್ಣೆಯಲ್ಲಿ ಗಾಡಿಯು ಓರೆಯಾದಾಗ ಟಾಂಕಿಯ ಪೆಟ್ರೋಲು ಆವಿಯ ಕೊಳವೆಗೆ ನುಗ್ಗಿ ಡಬ್ಬಿಯನ್ನು ಸೇರಬಹುದು. ಆವಿಗಾಗಿ ಮಾಡಿದ ಇದ್ದಲು ದ್ರವದಲ್ಲಿ ನೆನೆದರೆ ಅದರ ಗೂಡುಗಳೆಲ್ಲ ತುಂಬಿಹೋಗಿ ಮುಂದೆ ಯಾವುದಕ್ಕೂ ಎಡೆಯಿರದು. ಡಬ್ಬಿಯ ತಳದ ಸೋಸುವ ಬಟ್ಟೆಯನ್ನು ಧೂಳು ಮುಚ್ಚುವುದು. ಹೊಳೆ ದಾಟುವಾಗ ನೀರೂ ಕೆಸರೂ ಒಳಹೋಗುವುವು. ಕಲ್ಲುದಾರಿಯ ಕುಲುಕಾಟಕ್ಕೆ ಇದ್ದಲಿನ ಹರಳುಗಳು ಒಂದಕ್ಕೊಂದು ಉಜ್ಜಿ ಪುಡಿಯಾಗಿ ಕವಾಟಗಳಲ್ಲಿ ಸಿಕ್ಕಿಕೊಳ್ಳುವುವು.

ಎತ್ತರವೂ ಒಂದು ಶತ್ರು. ಬೆಟ್ಟದ ಮೇಲೆ ನೀರು ಬೇಗನೆ ಕುದಿಯುವುದೆಂಬುದನ್ನು ವಾಚಕರು ಬಲ್ಲರು. ಪೆಟ್ರೋಲೂ ಹಾಗೆಯೇ. ಕೊಲೊರಾಡೊ ಪ್ರಾಂತದಲ್ಲಿ ಜೀಪಿನವರಿಗೆ ಪ್ರಿಯವಾದ ಇಮೋಜೀನ್ ಎಂಬ ಬೆಟ್ಟದ ಹಾದಿಯು ಸಮುದ್ರಮಟ್ಟದಿಂದ ೧೩,೦೦೦ ಅಡಿಗಳಿಗೂ ಎತ್ತರಕ್ಕೆ ಏರುವುದು. ಅಲ್ಲಿ ಗಾಳಿಯ ಒತ್ತಡವು ಸಮುದ್ರತೀರದ ಒತ್ತಡದಲ್ಲಿ ನೂರಕ್ಕೆ ೬೦ ಪಾಲಿನಷ್ಟು ಮಾತ್ರ. ಗಾಡಿಯು ತೆವಳುವ ವೇಗದಲ್ಲಿ ಏರುತ್ತಿರುವಾಗ ಹೊಗೆಯ ಕೊಳವೆಯ ಕಾವು ಟಾಂಕಿಗೆ ತಗಲುವುದು, ಬೀಸಿ ತಣಿಸುವ ಗಾಳಿಯಿಲ್ಲ. ಇಂತಹ ವೇಳೆಯಲ್ಲಿ ಮುಚ್ಚಳವನ್ನು ತಟ್ಟನೆ ತಿರುಗಿಸಿದರೆ ಆವಿಯೊಡನೆ ಪೆಟ್ರೋಲೂ ಚಿಮ್ಮಿ ಮೈಮೇಲೆ ಬೀಳಬಹುದು. ಬಿಸಿಯಾದ ಹೊಗೆಯ ಕೊಳವೆಯಾಗಲಿ, ಒಂದು ಕಿಡಿಯಾಗಲಿ ಹತ್ತಿರದಲ್ಲಿದ್ದರೆ ಏನಾಗುವುದೆಂದು ಊಹಿಸಬಹುದು.

ಇನ್ನು ರಬ್ಬರು ಕೊಳವೆಗಳ ಮಾತು. ಹಾಗೆನ್-ಸ್ಮಿಟ್ಟರ ರಬ್ಬರು ಪಟ್ಟಿಯನ್ನು ಸೀಳಿದ ಓಜೋನೇ ಹಳೆಯ ಗಾಡಿಯ ಕೊಳವೆಗಳನ್ನೂ ಸೀಳುವುದು. ಆವಿಯಿಂದ ಓಜೋನು, ಓಜೋನಿನಿಂದ ಬಿರುಕು, ಬಿರುಕಿನಿಂದ ಮತ್ತಷ್ಟು ಆವಿ! ಕೇಡು ತನ್ನ ದಾರಿಯನ್ನು ತಾನೇ ಅಗಲಮಾಡಿಕೊಳ್ಳುವುದಕ್ಕೆ ಇದೊಂದು ನಿದರ್ಶನ.

ಕಿತ್ತುಹಾಕಿದರೇನಾಗುವುದು?

ಡಬ್ಬಿಯು ಕೆಟ್ಟ ಗಾಡಿಯಲ್ಲಿ ಪೆಟ್ರೋಲಿನ ವಾಸನೆ ಬರುವುದು, ಎಂಜಿನ್ನು ತಡವರಿಸುವುದು. ಆಗ ಯಜಮಾನನು ಕೆಟ್ಟುದನ್ನು ಸರಿಪಡಿಸುವ ಬದಲು ಡಬ್ಬಿಯನ್ನೇ ತೆಗೆದುಹಾಕುವನು. ಕೊಳವೆಯ ಬಾಯಿಯನ್ನು ತೆರೆದು ಬಿಟ್ಟರೆ ಆವಿಯು ಎಂಜಿನ್ನಿನ ಮೇಲೆಯೇ ಸುರಿಯುವುದು. ಬಾಯಿಗೆ ಬಿರಡೆ ಬಡಿದರೆ ಟಾಂಕಿಯೊಳಗೆ ಒತ್ತಡವೇರಿ, ನಿಂತ ಗಾಡಿಯಲ್ಲಿಯೂ ಪೆಟ್ರೋಲು ಕಾರ್ಬ್ಯುರೇಟರಿನೊಳಕ್ಕೆ ತಳ್ಳಲ್ಪಟ್ಟು ಹೊರಚೆಲ್ಲಬಹುದು. ಎರಡೂ ಬಗೆಯಲ್ಲಿಯೂ ಗಂಡಾಂತರವೇ.

ಪೆಟ್ರೋಲಿನ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವುಳ್ಳದ್ದು. ಅದು ಮೇಲಕ್ಕೇರಿ ಹೋಗದೆ ನೀರಿನಂತೆ ನೆಲವನ್ನು ಹಿಡಿದು ಹರಿಯುವುದು. ನೂರು ಪಾಲು ಗಾಳಿಯಲ್ಲಿ ಒಂದೂವರೆ ಪಾಲಿನಷ್ಟು ಬೆರೆತರೆ ಸಾಕು, ಕಿಡಿ ತಗಲಿದೊಡನೆ ಹೊತ್ತಿಕೊಳ್ಳುವುದು. ಸೊನ್ನೆಗಿಂತ ೪೦ ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಚಳಿಯಲ್ಲಿಯೂ ಹೊತ್ತುವಷ್ಟು ಆವಿಯನ್ನು ಪೆಟ್ರೋಲು ಬಿಡಬಲ್ಲದು. ಅಮೆರಿಕಾದ ಮನೆಗಳಲ್ಲಿ ಗಾಡಿಯ ಕೊಟ್ಟಿಗೆಯೂ ವಾಸದ ಕೋಣೆಗಳೂ ಒಂದೇ ಗೋಡೆಗೆ ಅಂಟಿರುವುದು ವಾಡಿಕೆ. ನೀರು ಕಾಯಿಸುವ ಅನಿಲದ ಒಲೆಯು ಎಷ್ಟೋ ವೇಳೆ ಅದೇ ಕೊಟ್ಟಿಗೆಯಲ್ಲಿ ನಿಂತಿರುವುದು. ಅದರ ಜ್ವಾಲೆಯು ನೆಲದಿಂದ ಕನಿಷ್ಠ ೧೮ ಅಂಗುಲ ಮೇಲಿರಬೇಕೆಂದು ಅಲ್ಲಿನ ಕಟ್ಟಡದ ನಿಯಮಗಳು ವಿಧಿಸಿರುವುದು ಈ ನೆಲ ಹಿಡಿದು ಹರಿಯುವ ಆವಿಯ ಭಯದಿಂದಲೇ. ಬೆಂಕಿ ಬೀಳದಿದ್ದರೂ ಅಪಾಯ ತಪ್ಪಿತೆನ್ನುವಂತಿಲ್ಲ. ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಬ ದ್ರವ್ಯವು ದೀರ್ಘಕಾಲ ಉಸಿರಿನೊಡನೆ ಒಳಸೇರಿದರೆ ರಕ್ತದ ಕ್ಯಾನ್ಸರನ್ನು ತರಬಲ್ಲದೆಂಬುದು ಸಿದ್ಧವಾದ ಸಂಗತಿ. ಕೊಟ್ಟಿಗೆಯ ಗೋಡೆಯಾಚೆ ಮಲಗಿದ ಮಗುವಿಗೆ ಈ ಗಾಳಿಯಲ್ಲದೆ ಬೇರೆ ಗಾಳಿಯಿಲ್ಲ.

ಕಾನೂನು ಕೂಡ ಸುಮ್ಮನಿಲ್ಲ. ಅಮೆರಿಕಾದ ಶುದ್ಧವಾಯು ಶಾಸನದ ಮೇರೆಗೆ ಇಂತಹ ಉಪಕರಣಗಳನ್ನು ಕೀಳುವುದು ಅಪರಾಧ. ಕ್ಯಾಲಿಫೋರ್ನಿಯಾದಲ್ಲಿ ೧೯೭೫ ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲು ಗಾಡಿಗಳಿಗೆ ನಿಯತ ಕಾಲದ ಹೊಗೆ ಪರೀಕ್ಷೆಯಿಂದ ವಿನಾಯಿತಿಯುಂಟು. ೧೯೭೬ರಿಂದ ೧೯೯೫ರವರೆಗಿನ ಗಾಡಿಗಳ ಟಾಂಕಿ ಮತ್ತು ಕೊಳವೆಗಳಲ್ಲಿ ಸಣ್ಣ ಒತ್ತಡವನ್ನು ತುಂಬಿ ಸೋರಿಕೆಯನ್ನು ನೋಡುವ ಪರೀಕ್ಷೆಯನ್ನು ೨೦೦೭ರ ಡಿಸೆಂಬರಿನಿಂದ ಅಲ್ಲಿ ಆಚರಣೆಗೆ ತಂದರು. ೧೯೭೬ರಲ್ಲಿ ಹೊರಬಂದ ಸಿ.ಜೆ. ೭ ಎಂಬ ಜೀಪು ಮೊದಲ್ಗೊಂಡು ಅನೇಕ ಪ್ರಸಿದ್ಧ ವಾಹನಗಳು ಈ ಸಾಲಿಗೆ ಸೇರುವುವು.

ಪರೀಕ್ಷೆಯೂ ಆರೈಕೆಯೂ

ಈ ಏರ್ಪಾಡನ್ನು ನೋಡಿಕೊಳ್ಳುವುದು ಕಷ್ಟವೇನೂ ಅಲ್ಲ. ಮೊದಲು ಎಂಜಿನ್ನು ಪೂರ್ಣ ತಣ್ಣಗಾಗಿರಬೇಕು, ಗಾಡಿಯು ಬಯಲಿನಲ್ಲಿರಬೇಕು, ಬೀಡಿ ದೀಪಗಳು ಹತ್ತಿರ ಸುಳಿಯಬಾರದು. ಮುಚ್ಚಳದ ರಬ್ಬರು ಬಳೆಯು ಮೆತ್ತಗಿದೆಯೋ ಗಟ್ಟಿಯಾಗಿ ಬಿರಿದಿದೆಯೋ ನೋಡತಕ್ಕದ್ದು. ಸೋರಿಕೆಗೆ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣವೂ, ಎಲ್ಲಕ್ಕಿಂತ ಕಡಿಮೆ ಖರ್ಚಿನ ದುರಸ್ತಿಯೂ ಇಲ್ಲಿಯೇ ಇರುವುದು. ಮುಚ್ಚಳವನ್ನು ಬದಲಾಯಿಸುವಾಗ ಆ ಗಾಡಿಗೆ ಹೇಳಿದ ಜಾತಿಯದನ್ನೇ ತರಬೇಕು. ತೂತಿರಬೇಕಾದಲ್ಲಿ ತೂತಿಲ್ಲದ ಮುಚ್ಚಳವನ್ನಿಟ್ಟರೆ ಎಂಜಿನ್ನಿನ ಸೆಳೆತಕ್ಕೆ ಟಾಂಕಿಯೇ ಒಳಕ್ಕೆ ಕುಸಿದೀತು.

ಬಳಿಕ ಕೊಳವೆಗಳು. ಬಗ್ಗಿಸಿದರೆ ಬಿರುಕು ಕಾಣುವ ಕೊಳವೆಯನ್ನು ತೆಗೆದು, ಪೆಟ್ರೋಲಿನ ಆವಿಗೆಂದೇ ಮಾಡಿದ ಕೊಳವೆಯನ್ನು ಹಾಕಬೇಕು. ನೀರಿನ ಕೊಳವೆಯು ಇಲ್ಲಿ ಕೆಲಸಕ್ಕೆ ಬಾರದು. ಡಬ್ಬಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ಅಲುಗಿಸಿದಾಗ ದ್ರವದ ಸದ್ದು ಕೇಳಿದರೆ, ತೀರ ಭಾರವೆನಿಸಿದರೆ, ಅಥವಾ ಇದ್ದಲ ಪುಡಿ ಉದುರಿದರೆ ಅದರ ಆಯುಷ್ಯವು ಮುಗಿಯಿತೆಂದೇ ತಿಳಿಯಬೇಕು. ಹಾಗಿಲ್ಲದಿದ್ದರೆ ತಳದ ಸೋಸುವ ಬಟ್ಟೆಯನ್ನು ಬದಲಿಸಿದರೆ ಸಾಕಾಗುವುದು. ಡಬ್ಬಿಯನ್ನು ಎಂದಿಗೂ ನೀರಿನಿಂದ ತೊಳೆಯಬಾರದು. ಬೆಚ್ಚಗಾದ ಎಂಜಿನ್ನು ಓಡುತ್ತಿರುವಾಗ ಕವಾಟವು ತೆರೆದು ಡಬ್ಬಿಯಿಂದ ಗಾಳಿಯನ್ನು ಸೆಳೆಯುತ್ತಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಸೆಳೆಯದಿದ್ದರೆ ಇದ್ದಲು ತುಂಬುತ್ತಲೇ ಹೋಗಿ, ಹೊಸ ಡಬ್ಬಿಯೂ ಕೆಲವೇ ದಿನಗಳಲ್ಲಿ ಹಳೆಯದರ ಗತಿಯನ್ನು ಕಾಣುವುದು.

ಪೆಟ್ರೋಲು ತುಂಬಿಸುವಾಗ ಕತ್ತಿನವರೆಗೆ ತುಂಬಬಾರದು. ಆವಿಗೆಂದು ಬಿಟ್ಟ ಸ್ಥಳವನ್ನೂ ದ್ರವವು ಆಕ್ರಮಿಸಿದರೆ ಮೊದಲನೆಯ ದಿಣ್ಣೆಯಲ್ಲಿಯೇ ಅದು ಡಬ್ಬಿಗೆ ಇಳಿಯುವುದು. ಪಾತ್ರೆಯ ಕಂಠದವರೆಗೆ ಹಾಲೆರೆದು ಒಲೆಗಿಟ್ಟವರು ಉಕ್ಕಿತೆಂದು ಹಾಲನ್ನು ದೂರುವರೇ?

ನಮ್ಮ ಕಡೆಯ ಜೀಪುಗಳು

ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳ ದಾರಿಯಲ್ಲಿಯೂ ಹಳೆಯ ಜೀಪುಗಳು ಓಡಾಡುತ್ತಿವೆ. ಇವುಗಳಲ್ಲಿ ಡೀಸೆಲ್ಲಿನವಕ್ಕೆ ಮೇಲಿನ ಮಾತು ಹೆಚ್ಚಾಗಿ ತಗಲದು. ಡೀಸೆಲ್ ಬೇಗನೆ ಆವಿಯಾಗುವ ಎಣ್ಣೆಯಲ್ಲ. ಪೆಟ್ರೋಲಿನ ಹಳೆಯ ವಿಲ್ಲಿಸ್ ಜೀಪನ್ನು ಪ್ರೀತಿಯಿಂದ ಕಾಪಾಡಿಕೊಂಡವರು ಮಾತ್ರ ಅದಕ್ಕೆ ಇದ್ದಲ ಡಬ್ಬಿಯೇ ಇಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಅದರ ಟಾಂಕಿಯು ಹಗಲಿರುಳೂ ಬಯಲಿಗೆ ಉಸಿರಾಡುವುದು. ಅಂತಹ ಗಾಡಿಯನ್ನು ಗಾಳಿಯಾಡುವ, ನೆರಳಿನ ಚಪ್ಪರದಲ್ಲಿ ನಿಲ್ಲಿಸುವುದೂ, ಒಲೆಯಿರುವ ಬಚ್ಚಲಿಗೆ ಅಂಟಿದ ಕೋಣೆಯಲ್ಲಿ ಕೂಡಿಹಾಕದಿರುವುದೂ ಒಳ್ಳೆಯದು. ಇತ್ತೀಚಿನ ಗಾಡಿಗಳ ಸಂಗತಿ ಬೇರೆ. ೨೦೨೦ರ ಏಪ್ರಿಲ್ ೧ರಿಂದ ಭಾರತದಲ್ಲೆಲ್ಲ ಜಾರಿಗೆ ಬಂದ ಭಾರತ್ ಸ್ಟೇಜ್ ೬ರ ನಿಯಮಗಳಲ್ಲಿ ಪೆಟ್ರೋಲಿನ ಕಾರುಗಳಿಗಲ್ಲದೆ ಎರಡು ಚಕ್ರದ ಗಾಡಿಗಳಿಗೂ ಆವಿಯ ಮಿತಿಯನ್ನು ಗೊತ್ತುಮಾಡಿದೆ. ಮನೆಯ ಮುಂದೆ ನಿಂತಿರುವ ಸ್ಕೂಟರಿನೊಳಗೂ ಒಂದು ಪುಟ್ಟ ಇದ್ದಲ ಡಬ್ಬಿಯು ಮೌನವಾಗಿ ತನ್ನ ಕೆಲಸವನ್ನು ಮಾಡುತ್ತಿರಬಹುದು. ರಿಪೇರಿಯವನು ಅದನ್ನು ಬೇಡವೆಂದು ಬಿಚ್ಚಲು ಹೊರಟರೆ ಬೇಡವೆನ್ನುವ ತಿಳಿವಳಿಕೆ ಯಜಮಾನನಿಗಿರಬೇಕು.

ಮನೆಗೆ ಕಾವಲುಗಾರನಿದ್ದು ಹತ್ತು ವರ್ಷ ಕಳ್ಳತನವಾಗದಿದ್ದರೆ, ಕಳ್ಳರೇ ಇಲ್ಲದ ಊರಿನಲ್ಲಿ ಇವನಿಗೇಕೆ ಸಂಬಳವೆಂದು ಕೇಳುವವರುಂಟು. ಇದ್ದಲ ಡಬ್ಬಿಯ ಪಾಡೂ ಅದೇ. ಅದು ಸರಿಯಾಗಿರುವವರೆಗೆ ಅದರ ಇರವೇ ತಿಳಿಯುವುದಿಲ್ಲ. ಕೊಟ್ಟಿಗೆಯ ಬಾಗಿಲನ್ನು ತೆರೆದಾಗ ಮೂಗಿಗೆ ಪೆಟ್ರೋಲು ಬಡಿದರೆ ಅದನ್ನು ಹಳೆಯ ಗಾಡಿಯ ಸಹಜವಾದ ವಾಸನೆಯೆಂದು ಬಗೆಯಬಾರದು. ದುಡ್ಡು ಕೊಟ್ಟು ತಂದ ಪೆಟ್ರೋಲು ಮನೆಯವರ ಉಸಿರಿಗೆ ಸೇರುತ್ತಿದೆಯೆಂದು ತಿಳಿದು ಆ ದಿನವೇ ಗಾಡಿಯನ್ನು ಬಯಲಿಗೆ ತಂದು, ಮುಚ್ಚಳದಿಂದ ಮೊದಲುಮಾಡಿ ಒಂದೊಂದಾಗಿ ನೋಡಿಸುವುದೇ ಗೃಹಸ್ಥರಾದವರಿಗೆ ಲೇಸು.